ಅಪ್‌ಡೇಟ್: ಫೈಬರ್ ಕಡಿದರೂ ಹಸಿರು ದೀಪ ಉರಿಯುತ್ತಿದ್ದುದರ ಕಾರಣ

ತುಮಕೂರಿನ ಬಿ.ಎಚ್. ರಸ್ತೆಯ ನಮ್ಮ ಕಚೇರಿಗೂ ಊರಾಚೆಯ ಗೋದಾಮಿಗೂ ನಡುವೆ ಎರಡು ಫೈಬರ್ ದಾರಿಗಳಿದ್ದರೂ, ಒಂದು ಕಡಿದಾಗ ಬಿಲ್ಲಿಂಗ್ ಮುಕ್ಕಾಲು ನಿಮಿಷದಷ್ಟು ನಿಂತುಬಿಡುವುದೇಕೆ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದವರ ಊಹೆ ಸರಿಯಾಗಿತ್ತು: ರೂಟರಿಗೂ ಫೈಬರಿಗೂ ನಡುವೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿನ ಸಂಕೇತವನ್ನು ತಾಮ್ರದ ಕೇಬಲ್ಲಿಗೆ ಹೊಂದಿಸುವ ಪೆಟ್ಟಿಗೆ) ಇರುವುದರಿಂದ, ರಸ್ತೆ ಅಗೆಯುವಾಗ ಫೈಬರ್ ತುಂಡಾದರೂ ನಮ್ಮ ರೂಟರಿನ ಪೋರ್ಟಿನ ಹಸಿರು ದೀಪ ಆರುವುದೇ ಇಲ್ಲ; ಹೀಗಾಗಿ ಓಎಸ್‌ಪಿಎಫ್ (ರೂಟರುಗಳು ದಾರಿ ಆರಿಸಿಕೊಳ್ಳಲು ಬಳಸುವ ಪ್ರೋಟೋಕಾಲ್) ತನ್ನ ಮಾಮೂಲಿ ಲೆಕ್ಕದಂತೆ 10 ಸೆಕೆಂಡಿಗೊಂದು ‘ಇದ್ದೇನೆ’ ಎನ್ನುವ ಹಲೋ ಸಂದೇಶ ಕಳುಹಿಸುತ್ತ, ಆ ಕಡೆಯ ಹಲೋಗಾಗಿ 40 ಸೆಕೆಂಡು ಕಾದು, ಆಮೇಲಷ್ಟೇ ಆ ದಾರಿಯನ್ನು ಕೈಬಿಡುತ್ತಿತ್ತು.

ಈಗ ಎರಡೂ ತುದಿಯಲ್ಲಿ ಬಿಎಫ್‌ಡಿ (ಲಿಂಕ್ ಸತ್ತಿದ್ದನ್ನು ಬೇಗ ಪತ್ತೆಹಚ್ಚಿ ಓಎಸ್‌ಪಿಎಫ್‌ಗೆ ತಿಳಿಸುವ ವ್ಯವಸ್ಥೆ) ಹಾಕಿ, 300 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಸತತ ಮೂರು ತಪ್ಪಿದರೆ ಲಿಂಕ್ ಸತ್ತಂತೆ ಎಂದು ನಿಗದಿಪಡಿಸಿದ್ದೇವೆ. ಭಾನುವಾರ ಕನ್ವರ್ಟರಿನ ಫೈಬರ್ ಪ್ಯಾಚ್ ಕಾರ್ಡನ್ನು ಕೈಯಾರೆ ಕಿತ್ತು ನೋಡಿದಾಗ, ಓಡುತ್ತಿದ್ದ ಪಿಂಗಿನಲ್ಲಿ ಒಂದೇ ಒಂದು ಉತ್ತರ ತಪ್ಪಿತು. ಪ್ಯಾಕೆಟ್ ಅಂತರವನ್ನು 50 ಮಿಲಿಸೆಕೆಂಡಿಗೆ ಇಳಿಸಬೇಕೆಂಬ ಸಲಹೆಯನ್ನು ಮಾತ್ರ ಪಾಲಿಸಲಿಲ್ಲ. ಬ್ಯಾಕಪ್ ಹೊತ್ತಿನಲ್ಲಿ ನಮ್ಮ ಹಳೆಯ ರೂಟರಿನ ಸಿಪಿಯು ಏದುಸಿರು ಬಿಡುವುದರಿಂದ, ಪ್ಯಾಕೆಟ್‌ಗಳು ತಡವಾಗಿ, ಚೆನ್ನಾಗಿರುವ ಲಿಂಕನ್ನೂ ಬಿಎಫ್‌ಡಿ ಸತ್ತಿದೆಯೆಂದು ಬೀಳಿಸೀತು.

ಎರಡು ದಾರಿಗೂ ಡೇಟಾ ಸಮನಾಗಿ ಹಂಚಿಕೆಯಾಗದ ತೊಂದರೆ ಇನ್ನೂ ಉಳಿದಿದೆ. ಹಂಚಿಕೆ ಸಂಪರ್ಕವಾರು ಹ್ಯಾಶ್‌ನಿಂದ (ಪ್ರತಿ ಸಂಪರ್ಕಕ್ಕೂ ಅದರ ವಿಳಾಸ ಇತ್ಯಾದಿಗಳಿಂದ ಲೆಕ್ಕಹಾಕಿ ಒಂದು ದಾರಿ ಗೊತ್ತುಮಾಡುವ ಕ್ರಮ) ನಡೆಯುವುದರಿಂದ, ರಾತ್ರಿಯ ಬ್ಯಾಕಪ್‌ನ ಒಂದೇ ದೊಡ್ಡ ಸಂಪರ್ಕ ಒಂದೇ ಲಿಂಕಿಗೆ ಜೋತುಬೀಳುತ್ತದೆ. ಅದನ್ನು ನಾಲ್ಕು ಸಂಪರ್ಕಗಳಾಗಿ ಒಡೆದು ಈ ವಾರ ನೋಡುತ್ತೇವೆ.