ಕಾದಂಬರಿಯ ಲೋಕ ಕಟ್ಟುವಾಗ ಮಾಂತ್ರಿಕ ಶಕ್ತಿಗೆ ಮಿತಿ ಹಾಕುವುದು ಹೇಗೆ? ದೇವರು, ಜನಾಂಗಗಳ ಲೆಕ್ಕವೂ ತಪ್ಪುತ್ತಿದೆ

ಹೊಸಲೋಕಿ:
ಕನ್ನಡದಲ್ಲೊಂದು ಫ್ಯಾಂಟಸಿ ಕಾದಂಬರಿಗೆ ಲೋಕ ಕಟ್ಟುತ್ತಿದ್ದೇನೆ. ಮಾಂತ್ರಿಕರು ಮೈಯ ಕಸುವನ್ನೇ ಶಕ್ತಿಯಾಗಿ ಹರಿಸುತ್ತಾರೆ. ಅತಿಯಾದರೆ ಹಸಿವು, ಸುಸ್ತು. ಹನ್ನೆರಡು ದೇವರು, ಮಳೆ, ಯುದ್ಧ, ಸಾವು ಅಂತ ಒಬ್ಬೊಬ್ಬರಿಗೆ ಒಂದೊಂದು ಖಾತೆ. ಕಾಡು, ಬೆಟ್ಟ, ಬಯಲು, ಕಡಲು ಎಂದು ನಾಲ್ಕು ಜನಾಂಗ. ಎಂಟನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ನಾಯಕಿಗೆ ಆಗದ ಕೆಲಸವೇ ಇಲ್ಲ, ದೇವರಿಗೆ ಮಾಡಲು ಕೆಲಸವಿಲ್ಲ, ನಾಲ್ಕೂ ಜನಾಂಗ ಬಟ್ಟೆ ಬದಲಿಸಿದ ಒಂದೇ ಜನರ ಹಾಗಿದೆ. ಎಲ್ಲಿಂದ ಸರಿಪಡಿಸಲಿ?

ತೂಬು:
ಹಸಿವಿನ ಮಿತಿ ಸಾಲದು, ಲೆಕ್ಕ ಹಾಕಿ ನೋಡಿ. ದಿನದ ಊಟ 2,000 ಕಿಲೋಕ್ಯಾಲರಿ ಅಂದರೆ ಸುಮಾರು 84 ಲಕ್ಷ ಜೂಲ್. 50 ಕಿಲೋ ಕಲ್ಲನ್ನು 10 ಮೀಟರ್ ಎತ್ತಲು ಬೇಕಾದದ್ದು 4,900 ಜೂಲ್. ಒಂದು ದಿನದ ಅನ್ನಕ್ಕೆ 1,700 ಕಲ್ಲು! ಮುಕ್ಕಾಲು ಪಾಲು ಪೋಲಾಯಿತೆಂದರೂ 400 ದಾಟುತ್ತದೆ. ನಿಮ್ಮ ನಾಯಕಿಗೆ ಆಗದ ಕೆಲಸವೇ ಇಲ್ಲದಿರುವುದು ಇದಕ್ಕೇ.

ಕೆರೆಗೆ ಬಿಡಿ, ತೂಬಿಗೆ ಮಿತಿ ಹಾಕಿ: ಶಕ್ತಿ ಒಟ್ಟು ಎಷ್ಟಿದೆ ಎಂಬುದಕ್ಕಲ್ಲ, ಎಷ್ಟು ಬೇಗ ಹರಿಯುತ್ತದೆ ಎಂಬುದಕ್ಕೆ. ಗಟ್ಟಿ ಆಳು ತಾಸುಗಟ್ಟಲೆ ದುಡಿದರೆ ಸರಾಸರಿ 75 ವ್ಯಾಟ್, ಅಂದರೆ ಸೆಕೆಂಡಿಗೆ 75 ಜೂಲ್, ಕೊಡುತ್ತಾನೆ. ಮಂತ್ರಕ್ಕೂ ಅಷ್ಟೇ ಇಡಿ. ಆಗ ಅದೇ ಕಲ್ಲು ಮೇಲೇರಲು 65 ಸೆಕೆಂಡ್ ಬೇಕು. ಅಷ್ಟರಲ್ಲಿ ಎದುರಾಳಿ ಬಾಣ ಬಿಟ್ಟಿರುತ್ತಾನೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು, ಬಿಸಿ ಒಂದಿಷ್ಟೂ ಸೋರದಿದ್ದರೂ, 70 ನಿಮಿಷ. ತಳ್ಳುವುದು ಅಗ್ಗ, ಸುಡುವುದು ದುಬಾರಿ. ಬೆಂಕಿ ಉಗುಳುವ ಮಾಂತ್ರಿಕರು ತಾವಾಗಿಯೇ ಕಾಣೆಯಾಗುತ್ತಾರೆ. ಒಳ್ಳೆಯದೇ ಆಯಿತು, ಅವರು ಎಲ್ಲ ಕಾದಂಬರಿಯಲ್ಲೂ ಇದ್ದಾರೆ.

ಈ ಮಿತಿ ಸೋರುವ ಜಾಗ ಮೂರು. ಹತ್ತು ಜನ ಕೈ ಜೋಡಿಸಿದರೆ ಹತ್ತರಷ್ಟು ಶಕ್ತಿಯಾದರೆ ಕಥೆ ಕೆಟ್ಟಿತು. ಎರಡನೆಯವನಿಂದ ಅರ್ಧ, ಮೂರನೆಯವನಿಂದ ಕಾಲು, ಹೀಗೆ ಇಳಿಸಿದರೆ ಎಷ್ಟು ಜನ ಸೇರಿದರೂ ಇಬ್ಬರಷ್ಟನ್ನು ದಾಟುವುದಿಲ್ಲ. ಶಕ್ತಿ ಕೂಡಿಡುವ ಉಂಗುರ, ತಾಯಿತಗಳಿಗೆ ಹೂಳು ತುಂಬಿಸಿ: ಪ್ರತಿ ಬಳಕೆಗೆ ಹತ್ತನೇ ಒಂದು ಭಾಗ ಕಡಿಮೆ, ಏಳನೇ ಸಲಕ್ಕೆ ಅರ್ಧಕ್ಕಿಂತ ಕೆಳಗೆ. ಇನ್ನು ಗಾಯ ಮಾಯಿಸುವುದು. ಮಂತ್ರ ಬರಿಯ ಆತುರ ತರಲಿ. 20 ದಿನದ ಗಾಯ 2 ದಿನಕ್ಕೆ ಕೂಡಬೇಕಾದರೆ 20 ದಿನದ ಊಟವನ್ನೂ 2 ದಿನದಲ್ಲೇ ಉಣ್ಣಬೇಕು. ಬಡವನಿಗೆ ಅದೂ ಆಗದು.

ಪಾಡ್ದನ:
ಖಾತೆ ಹಂಚಿಕೆ ಮಂತ್ರಿಮಂಡಲಕ್ಕಿರಲಿ, ದೇವರಿಗೆ ಸೀಮೆ ಕೊಡಿ. ತುಳುನಾಡಿನಲ್ಲಿ ದೈವ ಒಂದು ಮನೆತನಕ್ಕೋ ಗುತ್ತಿಗೋ (ಊರಿನ ಮುಖ್ಯ ಮನೆ) ಗ್ರಾಮಕ್ಕೋ ಸೇರಿರುತ್ತದೆ. ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಎಲ್ಲಿ ನೆಲೆಯಾಯಿತು ಎಂಬುದನ್ನು ಪಾಡ್ದನ, ಅಂದರೆ ತುಳುವಿನ ಹಾಡುಗತೆ, ಹೇಳುತ್ತದೆ. ಕೋಲದಲ್ಲಿ, ಅಂದರೆ ದೈವ ಮೈಮೇಲೆ ಬರುವ ಸೇವೆಯಲ್ಲಿ, ನುಡಿ ಕೊಡುತ್ತದೆ. ಜಾಗದ ತಕರಾರು, ಮನೆಯ ಜಗಳ ಅದರೆದುರು ಬರುತ್ತವೆ. ಅಂದರೆ ದೈವಕ್ಕೆ ವರ್ಷವರ್ಷವೂ ಕೆಲಸವಿದೆ, ಕಟ್ಟಳೆಯೂ ಇದೆ.

ಹನ್ನೆರಡನ್ನು ಐದಕ್ಕಿಳಿಸಿ. ಪ್ರತಿಯೊಂದಕ್ಕೂ ಬರೆದುಕೊಳ್ಳಿ: ಸೀಮೆ ಯಾವ ಹಳ್ಳದ ತನಕ, ಏನು ಉಣ್ಣುತ್ತದೆ, ಸೇವೆಯ ಹಕ್ಕು ಯಾರದು, ಸೇವೆ ತಪ್ಪಿದರೆ ಮೊದಲು ಕೆಡುವುದೇನು. ಕೊನೆಯದಕ್ಕೆ "ಪ್ರಳಯ" ಅಂತ ಬರೆಯಬೇಡಿ, "ಹಸು ಹಾಲು ಕೊಡುವುದಿಲ್ಲ" ಸಾಕು.

ಹೊಸ ದೇವರು ಹುಟ್ಟುವ ಬಗೆ ಬೇಕಿದ್ದರೆ ವೀರಗಲ್ಲು ನೋಡಿ. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಸನ್ನಿಧಿ, ಜೊತೆಗೆ ಸೂರ್ಯಚಂದ್ರ. ದನ ಕಾಯಲು ಹೋಗಿ ಸತ್ತವನಿಗೂ ಈ ಕಲ್ಲು ನಿಂತಿದೆ. ಒಂದೇ ಮಾತು, ಈಗಲೂ ನಂಬಿ ನಡೆಯುವ ದೈವಗಳ ಹೆಸರನ್ನು ಎತ್ತಿಕೊಳ್ಳಬೇಡಿ. ಚೌಕಟ್ಟು ತೆಗೆದುಕೊಳ್ಳಿ, ಹೆಸರು ನಿಮ್ಮದಿರಲಿ.

ಮಾಳಿಗೆಮನೆ:
ಜನಾಂಗಕ್ಕೆ ಸ್ವಭಾವ ಹಚ್ಚುವ ಮೊದಲು ಮಳೆ ಹಂಚಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಚಿತ್ರದುರ್ಗದಲ್ಲಿ 600ರ ಆಸುಪಾಸು. ನೇರ ಗೆರೆ ಎಳೆದರೆ ನಡುವೆ 200 ಕಿಲೋಮೀಟರ್ ಕೂಡ ಇಲ್ಲ. ಆಗುಂಬೆಯ ಕಡೆ ಕಡಿದಾದ ಸೂರು, ಅಕ್ಕಿ. ಬಯಲಿಗೆ ಬಂದರೆ ಮಣ್ಣಿನ ಚಪ್ಪಟೆ ಮಾಳಿಗೆ, ರಾಗಿ, ಜೋಳ, ಕುರಿ, ಕಂಬಳಿ. ಸಾಲ, ಮದುವೆಯ ತಿಂಗಳು, ಬೈಗುಳ ಎಲ್ಲ ಇದರ ಹಿಂದೆಯೇ ಬರುತ್ತವೆ. ಪ್ರತಿ ಜನಾಂಗದೊಳಗೆ ಒಂದು ಜಗಳವೂ ಇರಲಿ, ಇಲ್ಲದಿದ್ದರೆ "ಬೆಟ್ಟದವರು ಒರಟರು" ಎಂಬಲ್ಲಿಗೇ ನಿಲ್ಲುತ್ತೀರಿ.

ಹೆಸರುಗಳಿಗೆ ನಮ್ಮ ನುಡಿಯಲ್ಲೇ ಉಪಾಯವಿದೆ. ಹಳಗನ್ನಡದ ಪಾಲ್, ಪುಲಿ, ಪಗೆ ಈಗ ಹಾಲು, ಹುಲಿ, ಹಗೆ. ಹಾಳುಬಿದ್ದ ಗುಡಿ "ಪುಲಿಗಲ್", ಪಕ್ಕದ ಊರು "ಹುಲಿಗಲ್ಲು" ಅಂತಿಡಿ. ಯಾವುದು ಹಳೆಯದೆಂದು ಓದುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಸಲೋಕಿ:
ಸೀಮೆ ಹಿಡಿಸಿತು. ನಾಯಕಿ ತನ್ನ ದೇವರ ಗಡಿ ದಾಟಿದರೆ ಶಕ್ತಿ ಪೂರ್ತಿ ನಿಲ್ಲಿಸಲೇ?

ತೂಬು:
ನಿಲ್ಲಿಸಿದರೆ ಅವಳು ಗಡಿ ದಾಟುವುದೇ ಇಲ್ಲ, ಕಥೆಯೂ ಅಲ್ಲೇ ಕೂರುತ್ತದೆ. 75ರಿಂದ 25 ವ್ಯಾಟ್‌ಗೆ ಇಳಿಸಿ. ಕಲ್ಲು ಎತ್ತಲು ಮೂರು ನಿಮಿಷ ಮೀರುತ್ತದೆ, ಆದರೂ ಎತ್ತಬಹುದು. ನೀರು ಮಾತ್ರ ಕುದಿಯುವುದಿಲ್ಲ: ತೆರೆದ ಪಾತ್ರೆಯಲ್ಲಿ ಅವಳು ಕೊಟ್ಟಷ್ಟೂ ಬಿಸಿ ಗಾಳಿಗೇ ಹೋಗಿ, ಉಗುರುಬೆಚ್ಚಗಾಗಿ ನಿಂತುಬಿಡುತ್ತದೆ. ಆಚೆ ಸೀಮೆಯಲ್ಲಿ ಗಂಜಿಗೆ ಅವಳೂ ಚಕಮಕಿ ಕಲ್ಲು ಕುಟ್ಟಬೇಕು.