ಹೆಪಟೈಟಿಸ್ ಬಿ ಇರುವ ತಮ್ಮ ಯಾರೊಂದಿಗೂ ಬೆರೆಯುತ್ತಿಲ್ಲ, ಅನುಭವವಿದ್ದವರು ತಿಳಿಸಿ

ವಿರಾಜಪೇಟೆಯ ಅಕ್ಕ:
ನನ್ನ ತಮ್ಮನಿಗೆ 34 ವರ್ಷ. ರಕ್ತದಾನ ಶಿಬಿರದಲ್ಲಿ ಹೆಪಟೈಟಿಸ್ ಬಿ ಇರುವುದು ತಿಳಿದು ಮೂರು ವರ್ಷವಾಯಿತು. ಟೆನೊಫೋವಿರ್ ಮಾತ್ರೆ ತಪ್ಪಿಸುವುದಿಲ್ಲ, ವೈರಸ್ ಪ್ರಮಾಣ ಪತ್ತೆಯಾಗದಷ್ಟು ಇಳಿದಿದೆ, ಲಿವರ್ ಚೆನ್ನಾಗಿದೆ ಎಂದು ವೈದ್ಯರು ಹೇಳುತ್ತಾರೆ. ಆದರೂ ಅವನಿಗೆ ರಾತ್ರಿ ನಿದ್ದೆಯಿಲ್ಲ. ಪುತ್ತರಿ ಹಬ್ಬಕ್ಕೂ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಬರಲಿಲ್ಲ. ಮದುವೆಯ ಮಾತೆತ್ತಿದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಾನೆ. ಮನೋವೈದ್ಯರಿಗೆ ತೋರಿಸಬೇಕೆಂದಿದ್ದೇನೆ. ಅವರು ಕೊಡುವ ಮಾತ್ರೆಯನ್ನು ಇದರ ಜೊತೆ ತೆಗೆದುಕೊಳ್ಳಬಹುದೇ?

ಸೋಮವಾರಪೇಟೆಯ ನಿವೃತ್ತ ಶಿಕ್ಷಕ:
ನಿದ್ದೆಗೆಡುವುದೆಂದರೆ ಏನೆಂದು ನನ್ನನ್ನು ಕೇಳಬೇಕು. ನನ್ನದು ಹೆಪಟೈಟಿಸ್ ಸಿ. 1990ರ ದಶಕದ ಆರಂಭದಲ್ಲಿ ಶಸ್ತ್ರಚಿಕಿತ್ಸೆಯೊಂದಕ್ಕೆ ರಕ್ತ ಹಾಕಿಸಿಕೊಂಡಿದ್ದೆ. ಆ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ, ನಮ್ಮ ರಕ್ತನಿಧಿಗಳಲ್ಲಿ ಅದರ ಪರೀಕ್ಷೆ ಆಗಿನ್ನೂ ಕಡ್ಡಾಯವಾಗಿರಲಿಲ್ಲ. 2008ರಲ್ಲಿ ಪೆಗ್ ಇಂಟರ್‌ಫೆರಾನ್ ಶುರು ಮಾಡಿದರು. ವಾರಕ್ಕೊಂದು ಇಂಜೆಕ್ಷನ್, ಒಂದಕ್ಕೆ 11 ಸಾವಿರ ರೂಪಾಯಿಯಂತೆ 24 ವಾರ, ಜೊತೆಗೆ ರೈಬಾವಿರಿನ್ ಮಾತ್ರೆ, ರಕ್ತ ಪರೀಕ್ಷೆ, ಮೈಸೂರಿನ ಓಡಾಟ, ಎಲ್ಲ ಸೇರಿ ಮೂರೂವರೆ ಲಕ್ಷ ದಾಟಿತು. ಇಂಜೆಕ್ಷನ್ನನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ತರಬೇಕಿತ್ತು. ಜುಲೈ ಮಳೆಯಲ್ಲಿ ದಿನಗಟ್ಟಲೆ ಕರೆಂಟು ಹೋದಾಗ ಜನರೇಟರ್ ಇದ್ದ ನೆರೆಮನೆಯ ಫ್ರಿಜ್ಜಿನಲ್ಲಿ, ಮೀನಿನ ಡಬ್ಬಿಯ ಪಕ್ಕದಲ್ಲಿಟ್ಟು ಕಾಪಾಡಿಕೊಂಡೆ. ಬೇಲಿ ಬದಿಯ ಸಿಲ್ವರ್ ಓಕ್ ಮರಗಳನ್ನು ವ್ಯಾಪಾರಿ ಕೇಳಿದ ಬೆಲೆಗೇ ಕೊಟ್ಟೆ.

ಹಿಮೋಗ್ಲೋಬಿನ್ 8ಕ್ಕೆ ಇಳಿಯಿತು. ಮೂರನೆಯ ತಿಂಗಳಿನಿಂದ ಕಾರಣವಿಲ್ಲದೆ ಅಳು ಬರತೊಡಗಿತು, ತರಗತಿಯಲ್ಲಿ ಸೀಮೆಸುಣ್ಣ ಮುರಿದರೂ ಮಕ್ಕಳ ಮೇಲೆ ಹರಿಹಾಯುತ್ತಿದ್ದೆ. ಖಿನ್ನತೆ ಆ ಔಷಧದ ಅಡ್ಡಪರಿಣಾಮವೆಂದು ವೈದ್ಯಲೋಕಕ್ಕೆಲ್ಲ ಗೊತ್ತಿತ್ತು, ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ಇಷ್ಟೆಲ್ಲ ಆದ ಮೇಲೆ ವೈರಸ್ ಮರಳಿ ಬಂತು. 2016ರಲ್ಲಿ ಸೊಫೊಸ್ಬುವಿರ್ ಮತ್ತು ಡಕ್ಲಟಾಸ್ವಿರ್ ಮಾತ್ರೆಗಳನ್ನು 12 ವಾರ ನುಂಗಿದೆ, ಸ್ವಲ್ಪ ತಲೆನೋವು ಬಿಟ್ಟರೆ ಏನೂ ಆಗಲಿಲ್ಲ, ಗುಣವಾಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈಗ ಔಷಧ ಉಚಿತವಾಗಿಯೇ ಸಿಗುತ್ತದೆ. ದಿನಕ್ಕೊಂದು ಮಾತ್ರೆ ನುಂಗಿ ಲಿವರ್ ಚೆನ್ನಾಗಿದೆ ಎನಿಸಿಕೊಳ್ಳುವವರು ಕೊರಗುವುದನ್ನು ಕಂಡರೆ ನನಗೆ ಸ್ವಲ್ಪ ಆಶ್ಚರ್ಯವೇ ಆಗುತ್ತದೆ.

ಕುಶಾಲನಗರದ ಎಲೆಕ್ಟ್ರಿಷಿಯನ್:
ಮೇಷ್ಟ್ರೇ, ನಿಮ್ಮ ರೋಗ ಗುಣವಾಗಿದೆ, ನಮ್ಮದು ಗುಣವಾಗುವುದಿಲ್ಲ. ಈಗಿನ ಮಾತ್ರೆಗಳಿಂದ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಸಿ ವಾಸಿಯಾಗುತ್ತದೆ. ಬಿ ಇರುವವರಲ್ಲಿ ಹೆಚ್ಚಿನವರು ವೈರಸ್ಸನ್ನು ಅದುಮಿಟ್ಟುಕೊಂಡು ಬದುಕಬೇಕು, ಅಷ್ಟೆ. ಈ ವ್ಯತ್ಯಾಸ ತಿಳಿಯದೆ ಉಪದೇಶ ಮಾಡಬೇಡಿ.

ನನಗೆ ಕೊಲ್ಲಿ ರಾಷ್ಟ್ರವೊಂದರಲ್ಲಿ ಕೆಲಸ ಗೊತ್ತಾಗಿತ್ತು. ಏಜೆಂಟನಿಗೆ 85 ಸಾವಿರ ಕೊಟ್ಟೆ, ವೈದ್ಯಕೀಯ ತಪಾಸಣೆಗೆ 6 ಸಾವಿರ, ಪಾಸ್‌ಪೋರ್ಟು ಮತ್ತು ಬಟ್ಟೆಬರೆ ಬೇರೆ. ತಪಾಸಣೆಯ ಕಾಗದದಲ್ಲಿ ಎಚ್‌ಬಿಎಸ್‌ಎಜಿ ಎಂಬ ಹೆಪಟೈಟಿಸ್ ಬಿ ಪರೀಕ್ಷೆಯ ಮುಂದೆ ಕೆಂಪು ಮುದ್ರೆ, ಕೆಳಗೆ ಅನರ್ಹ ಎಂಬ ಒಂದೇ ಪದ. ಏಜೆಂಟ್ 20 ಸಾವಿರ ಹಿಂದಿರುಗಿಸಿ ಫೋನು ಎತ್ತುವುದನ್ನೇ ಬಿಟ್ಟ. ಮೈಯಲ್ಲಿ ಯಾವ ಲಕ್ಷಣವೂ ಇರಲಿಲ್ಲ, ಎರಡು ಮಹಡಿ ಪೈಪು ಹೊತ್ತುಕೊಂಡು ಹತ್ತುತ್ತಿದ್ದೆ. ಎಚ್‌ಐವಿ ಇದೆಯೆಂದು ಕೆಲಸದಲ್ಲಿ ತಾರತಮ್ಯ ಮಾಡುವುದನ್ನು ನಮ್ಮ ದೇಶದಲ್ಲಿ 2017ರ ಕಾಯ್ದೆ ನಿಷೇಧಿಸುತ್ತದೆ. ಬಿ ಇರುವವರ ಹೆಸರು ಆ ಕಾಯ್ದೆಯಲ್ಲಿಲ್ಲ. ಇದಾದ ಮೇಲೆ ವರ್ಷವಿಡೀ ನಾನು ಯಾರ ಮುಖವನ್ನೂ ನೋಡಲಿಲ್ಲ. ಅದನ್ನು ಕೊರಗು ಎನ್ನುತ್ತೀರೋ ಸೋಮಾರಿತನ ಎನ್ನುತ್ತೀರೋ ನಿಮಗೆ ಬಿಟ್ಟದ್ದು.

ನಾಪೋಕ್ಲುವಿನ ತಾಯಿ:
ನನಗೆ ಗೊತ್ತಾದದ್ದು ಬಸುರಿಯಾಗಿದ್ದಾಗ. ವೈರಸ್ ಪ್ರಮಾಣ ಹೆಚ್ಚಿದ್ದುದರಿಂದ ಕೊನೆಯ ತಿಂಗಳುಗಳಲ್ಲಿ ಟೆನೊಫೋವಿರ್ ಕೊಟ್ಟರು. ಮಗು ಹುಟ್ಟಿದ ಕೂಡಲೇ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಹಾಕಿಸಬೇಕು, ಮೊದಲೇ ತಂದಿಟ್ಟುಕೊಳ್ಳಿ ಎಂದರು. ಅದು ಮಡಿಕೇರಿಯಲ್ಲಿ ನಾವು ಕೇಳಿದ ಅಂಗಡಿಗಳಲ್ಲಿ ಸಿಗದೆ, ಯಜಮಾನರು ಮೈಸೂರಿಗೆ ಹೋಗಿ 6 ಸಾವಿರ ಕೊಟ್ಟು ತಂದರು. ಮಗಳಿಗೆ ಈಗ ಸೋಂಕಿಲ್ಲ, ಪರೀಕ್ಷೆ ಮಾಡಿಸಿಯಾಗಿದೆ. ಎದೆಹಾಲನ್ನೂ ಕುಡಿಸಿದೆ, ಕುಡಿಸಬಹುದೆಂದು ವೈದ್ಯರೇ ಹೇಳಿದ್ದರು.

ಆದರೆ ಅತ್ತೆ ನನಗೊಂದು ಸ್ಟೀಲಿನ ತಟ್ಟೆಯನ್ನು ಬೇರೆ ಮಾಡಿ ಅದರ ಅಂಚಿಗೆ ಮೊಳೆಯಿಂದ ಗೀರು ಹಾಕಿದರು, ಬೇರೆ ತಟ್ಟೆಗಳೊಂದಿಗೆ ಬೆರೆಯದಿರಲಿ ಎಂದು. ಈ ವೈರಸ್ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ಹರಡುತ್ತದೆಯೇ ಹೊರತು ಅನ್ನದ ತಟ್ಟೆಯಿಂದಲ್ಲ ಎಂದು ವೈದ್ಯರ ಬಾಯಲ್ಲೇ ಹೇಳಿಸಿದರೂ ತಟ್ಟೆ ಬದಲಾಗಲಿಲ್ಲ. ಲಿವರಿನ ವರದಿ ಪ್ರತಿ ಸಲವೂ ಚೆನ್ನಾಗಿ ಬರುತ್ತಿತ್ತು, ನಾನು ಮಾತ್ರ ಊಟ ಬಿಡುತ್ತಾ ಹೋದೆ. ಮೇಷ್ಟ್ರ ಆಶ್ಚರ್ಯಕ್ಕೆ ಉತ್ತರ ಇದು.

ಗೋಣಿಕೊಪ್ಪದ ಬೆಳೆಗಾರ:
ಇಷ್ಟು ಗಾಬರಿ ಏಕೆ? ನನಗೂ ಬಿ ಇತ್ತು. ಒಂದು ವರ್ಷ ಮಾತ್ರೆ ತಿಂದು ಬಿಸಾಡಿ, ನೆಲನೆಲ್ಲಿ ಕಷಾಯ ಕುಡಿದೆ. ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಸಹಜವಾಗಿದೆ. ಮದುವೆಯ ಹಿಂದಿನ ದಿನ ಊರ್‌ಕೂಡುವ ಸಂಜೆ ಒಂದು ಪೆಗ್ಗನ್ನೂ ಮುಟ್ಟದೆ ಮೂಲೆಯಲ್ಲಿ ಕೂತರೆ ಯಾರಿಗಾದರೂ ಮನಸ್ಸು ಕೆಡುತ್ತದೆ. ಆ ಹುಡುಗನನ್ನು ನಾಲ್ಕು ಜನರ ನಡುವೆ ಕೂರಿಸಿ, ಪಂದಿಕರಿಯ ಜೊತೆ ಒಂದೇ ಒಂದು ಗ್ಲಾಸು ಕೊಡಿ, ಸರಿಹೋಗುತ್ತಾನೆ.

ನಾಪೋಕ್ಲುವಿನ ತಾಯಿ:
ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ನಮ್ಮ ಚಿಕ್ಕಪ್ಪ ಹೀಗೆಯೇ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರು. ಕೆಲವೇ ತಿಂಗಳಲ್ಲಿ ವೈರಸ್ ಉಕ್ಕಿ ಬಂದು, ಕಣ್ಣು ಅರಿಶಿನವಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಆಸ್ಪತ್ರೆಗೆ 4 ಲಕ್ಷ ಕಟ್ಟಿದೆವು. ಎಸ್‌ಜಿಪಿಟಿ ಸಹಜವಾಗಿದ್ದೂ ವೈರಸ್ ಒಳಗೆ ಇರಬಹುದು. ವೈರಸ್ ಪ್ರಮಾಣ ಅಳೆಯುವ ಡಿಎನ್‌ಎ ಪರೀಕ್ಷೆ ಮಾಡಿಸಿದ್ದೀರಾ ಎಂಬುದನ್ನು ಮೊದಲು ಹೇಳಿ. ಕುಡಿಯುವುದು ನಿಮ್ಮಿಷ್ಟ, ಇನ್ನೊಬ್ಬರ ಮನೆಯ ಹುಡುಗನಿಗೆ ಕುಡಿಸಬೇಡಿ.

ಗೋಣಿಕೊಪ್ಪದ ಬೆಳೆಗಾರ:
ಆ 5 ಸಾವಿರದ ಪರೀಕ್ಷೆಯನ್ನು ಯಾರು ಮಾಡಿಸುತ್ತಾರೆ? ಕರಿಮೆಣಸಿಗೆ ಬೆಲೆ ಬಂದಾಗ ನೋಡೋಣ. ಮನೆಯ ಜಗಳವನ್ನು ತಂದು ನನ್ನ ಮೇಲೆ ಹಾಕಬೇಡಿ.

ಸೋಮವಾರಪೇಟೆಯ ನಿವೃತ್ತ ಶಿಕ್ಷಕ:
ಬೆಳೆಗಾರರ ಮಾತು ಬೇಜವಾಬ್ದಾರಿಯದು. ನಮ್ಮ ಕೊಡಗಿನಲ್ಲಿ ಬೇಡ ಎಂದವನಿಗೂ ಗ್ಲಾಸು ತುಂಬಿಸುವುದು ಮರ್ಯಾದೆಯಾಗಿರುವವರೆಗೆ ಲಿವರ್ ರೋಗಿ ಮದುವೆಗೆ ಹೋಗದಿರುವುದೇ ವಾಸಿ. ನಾನು ಬೆಲ್ಲದ ಕಾಪಿ ಹಿಡಿದು ಕೂರುತ್ತೇನೆ. ಕಾಫಿ ಕುಡಿಯುವವರಲ್ಲಿ ಲಿವರ್ ಗಡುಸಾಗುವುದು ಕಡಿಮೆಯೆಂದು ಹಲವು ಅಧ್ಯಯನಗಳು ತೋರಿಸಿವೆ; ಬೆಳೆಯುವ ನಾವೇ ಅದನ್ನು ಬಿಟ್ಟು ಬಾಟಲಿ ಹಿಡಿಯುತ್ತೇವೆ. ಆದರೆ ಕುಶಾಲನಗರದವರಿಗೆ ಒಂದು ಮಾತು: ಇಂಟರ್‌ಫೆರಾನಿನ ಆ 24 ವಾರಗಳನ್ನು ನೀವು ಅನುಭವಿಸಿಲ್ಲ.

ಕುಶಾಲನಗರದ ಎಲೆಕ್ಟ್ರಿಷಿಯನ್:
ನಿಮ್ಮ 24 ವಾರ ಮುಗಿದಿವೆ. ಮದುವೆಗೆ ಹೋಗದಿರುವುದೇ ವಾಸಿಯೆಂದು ಸಲೀಸಾಗಿ ಬರೆದಿರಿ, ಈ ಅಕ್ಕ ಕೇಳುತ್ತಿರುವುದೇ ಅವರ ತಮ್ಮನು ಮದುವೆಮನೆಗೆ ಹೋಗುವಂತಾಗುವುದು ಹೇಗೆ ಎಂದು.

ವಿರಾಜಪೇಟೆಯ ಅಕ್ಕ:
ಹೌದು, ನಾನು ಕೇಳಿದ್ದು ನಿದ್ದೆ ಮತ್ತು ಮಾತ್ರೆಯ ಬಗ್ಗೆ. ಮರದ ಬೆಲೆ, ಮೆಣಸಿನ ಬೆಲೆ ಎಲ್ಲ ಬಂತು, ಅದೊಂದು ಮಾತ್ರ ಬರಲಿಲ್ಲ.

ನಾಪೋಕ್ಲುವಿನ ತಾಯಿ:
ನನ್ನದನ್ನು ಹೇಳುತ್ತೇನೆ. ಮನೋವೈದ್ಯರು ಎಸಿಟಾಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿದರು, ಅದಕ್ಕೂ ಮೊದಲು ನನ್ನ ಲಿವರ್ ವೈದ್ಯರ ಚೀಟಿಯನ್ನು ಕೇಳಿ ಪಡೆದರು. ಟೆನೊಫೋವಿರ್ ಜೊತೆಯಲ್ಲೇ ನುಂಗಿದೆ. ಮೊದಲ ವಾರ ವಾಕರಿಕೆ ಬಂದು ಬಿಟ್ಟುಬಿಡೋಣವೆನಿಸಿತು, ತಿಂಗಳು ಕಳೆಯುವಷ್ಟರಲ್ಲಿ ನಿದ್ದೆ ಹತ್ತಿತು. ನಿಮ್ಮ ತಮ್ಮನಿಗೆ ಯಾವುದು, ಎಷ್ಟು ಎಂಬುದನ್ನು ಅವನ ವರದಿಗಳನ್ನು ನೋಡಿದವರೇ ಹೇಳಬೇಕು. ಅವನು ಆಸ್ಪತ್ರೆಗೆ ಬರಲೊಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅವನೇ ಕರೆ ಮಾಡಲಿ, ಕನ್ನಡದಲ್ಲಿ ಮಾತನಾಡುತ್ತಾರೆ, ಹಣವಿಲ್ಲ. ಬದುಕೇ ಬೇಡವೆಂಬ ಮಾತು ಅವನ ಬಾಯಲ್ಲಿ ಬಂದರೆ ಕಾಯುತ್ತಾ ಕೂರಬೇಡಿ, ಅಂದೇ ಕರೆದುಕೊಂಡು ಹೋಗಿ.

ಗೋಣಿಕೊಪ್ಪದ ಬೆಳೆಗಾರ:
ಹುಚ್ಚಿನ ಮಾತ್ರೆ ಎಂದು ಊರೆಲ್ಲ ಹಬ್ಬಿದರೆ ಆ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. ರೋಗದ ವಿಷಯವನ್ನೂ ಮದುವೆ ಮುಗಿಯುವವರೆಗೆ ಬಾಯಿಬಿಡಬೇಡಿ.

ಕುಶಾಲನಗರದ ಎಲೆಕ್ಟ್ರಿಷಿಯನ್:
ಮುಚ್ಚಿಟ್ಟು ಮದುವೆಯಾಗುವುದು ಮೋಸ. ನಾನು ಹೇಳಿಯೇ ಕೇಳಿದೆ. ಕೆಲವು ಮನೆಯವರು ಫೋನು ಇಟ್ಟರು, ಒಂದು ಮನೆಯವರು ಮಾತ್ರ ವೈದ್ಯರಲ್ಲಿ ವಿಚಾರಿಸಿದರು. ಹುಡುಗಿಗೆ ಸೋಂಕಿಲ್ಲವೆಂದು ನೋಡಿ ಲಸಿಕೆ ಹಾಕಿಸಿದೆವು: ಮೊದಲನೆಯದು, ತಿಂಗಳ ನಂತರ ಇನ್ನೊಂದು, ಆರನೆಯ ತಿಂಗಳಿಗೆ ಮೂರನೆಯದು, ಆಮೇಲೆ ರಕ್ಷಣೆ ಬಂದಿದೆಯೇ ಎಂದು ರಕ್ತ ಪರೀಕ್ಷೆ. ಎಲ್ಲ ಸೇರಿ ಏಜೆಂಟ್ ನುಂಗಿದ್ದರಲ್ಲಿ ಒಂದು ಮೂಲೆಯಷ್ಟೂ ಖರ್ಚಾಗಲಿಲ್ಲ. ಬೆಳೆಗಾರರೇ, ನಿಮ್ಮ ಮನೆಯವರಿಗೆ ಲಸಿಕೆ ಹಾಕಿಸಿದ್ದೀರೋ ಇಲ್ಲವೋ? ಕಷಾಯದ ವಿಷಯ ಆಮೇಲೆ ಹೇಳಿ, ಮೊದಲು ಇದಕ್ಕೆ ಉತ್ತರ ಕೊಡಿ.