ಪದ ಬೇಕು: ಸೈಟೊಕೈನ್ (ತುರ್ತು)

ರೋಗಿಗಳಿಗೆ ಕೊಡುವ ತಿಳಿವಳಿಕೆ ಪತ್ರ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ಎರಡು ಚಿಕಿತ್ಸೆಗಳಿವೆ: ಒಂದರಲ್ಲಿ ಸೈಟೊಕೈನನ್ನೇ (ಕೋಶಗಳಿಗೆ ಸಂದೇಶ ಒಯ್ಯುವ ಪ್ರೋಟೀನು) ಕೊಡುತ್ತಾರೆ, ಇನ್ನೊಂದರಲ್ಲಿ ಅದನ್ನು ತಡೆಯುತ್ತಾರೆ. ಕರಡಿನಲ್ಲಿ ಎರಡಕ್ಕೂ ‘ಸೈಟೊಕೈನ್ ಚಿಕಿತ್ಸೆ’ ಎಂದೇ ಬಿದ್ದಿದೆ. ‘ಕೋಶಚಾಲಕ’ ಹೊಂದೀತೇ?

---

> ‘ಕೋಶಚಾಲಕ’ ಹೊಂದೀತೇ?

ಹೊಂದದು. ಚಾಲಕ ಎಂದರೆ ಬಸ್ಸು ಓಡಿಸುವವನು. ಗ್ರೀಕಿನಲ್ಲಿ ಚಲನೆ ಎಂದಿದ್ದರೂ ಈ ಪ್ರೋಟೀನು ಕೋಶವನ್ನು ಓಡಿಸುವುದಿಲ್ಲ, ಕೋಶದ ಗ್ರಾಹಕಕ್ಕೆ (ಸಂದೇಶ ಹಿಡಿಯುವ ಪ್ರೋಟೀನಿಗೆ) ಅಂಟಿಕೊಂಡು ಸನ್ನೆ ಮಾಡುತ್ತದೆ. ‘ಸೂಲುಗೂಡುಸನ್ನೆ’ ಎನ್ನಿ, ಅಚ್ಚಗನ್ನಡ. ‘ಕೋಶಸನ್ನೆ’ ಬೇಡ, ಅರಿಸಮಾಸ.

---

‘ಸನ್ನೆ’ ಸಂಜ್ಞೆಯ ತದ್ಭವ. ಅಚ್ಚಗನ್ನಡದ ಮಾತು ಅಲ್ಲಿಗೆ ಮುಗಿಯಿತು.

‘ಬಿಳಿಕಣದೂತ’ ಆಗಬಹುದಲ್ಲ?

---

ಆಗದು. 1969ರಲ್ಲಿ ಇವಕ್ಕೆ ‘ಲಿಂಫೊಕೈನ್’ ಎಂದು ಹೆಸರಿಟ್ಟು, ಲಿಂಫೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಅಲ್ಲದ ಕೋಶಗಳೂ ಇವನ್ನು ಸ್ರವಿಸುತ್ತವೆ ಎಂದು ಗೊತ್ತಾದ ಮೇಲೆ 1974ರಲ್ಲಿ ‘ಸೈಟೊಕೈನ್’ ಎಂದು ಬದಲಾಯಿಸಿದರು. ಅವರು ತಿದ್ದಿಕೊಂಡ ತಪ್ಪನ್ನು ನಾವು ಹೊಸದಾಗಿ ಮಾಡುವುದೇಕೆ?

ಪದಕ್ಕಿಂತ ಕರಡಿನ ತಪ್ಪು ದೊಡ್ಡದು. ‘ಸೈಟೊಕೈನ್ ನೀಡುವ ಚಿಕಿತ್ಸೆ’, ‘ಸೈಟೊಕೈನ್ ತಡೆಯುವ ಚಿಕಿತ್ಸೆ’ ಎಂದು ಬಿಡಿಸಿ ಬರೆಯಿರಿ. ಮೊದಲನೆಯದಕ್ಕೆ ಮಾದರಿ ಇಂಟರ್‌ಲ್ಯೂಕಿನ್-2: ದೇಹತೂಕದ ಕಿಲೋಗೆ 6 ಲಕ್ಷ ಯೂನಿಟ್, 8 ತಾಸಿಗೊಮ್ಮೆ, 15 ನಿಮಿಷ ರಕ್ತನಾಳಕ್ಕೆ ಹರಿಸುವುದು, ಒಂದು ಸರದಿಗೆ ಹೆಚ್ಚೆಂದರೆ 14 ಸಲ. ಅದರ ಅಪಾಯ ಲೋಮನಾಳಗಳು ಸೋರಿ ರಕ್ತದೊತ್ತಡ ಕುಸಿಯುವುದು. ‘ಊತ ಬರಬಹುದು’ ಎಂದಷ್ಟೇ ಬರೆದರೆ ಸಾಲದು. ಮೂಲದ ‘ಮಿಲಿಯನ್’ ಎಲ್ಲೂ ಉಳಿಯದಂತೆ ಲಕ್ಷಕ್ಕೆ ತನ್ನಿ. ಪ್ರಮಾಣ ಹತ್ತು ಪಟ್ಟು ತಪ್ಪುವುದು ಇಲ್ಲೇ.

ಎರಡನೆಯದಕ್ಕೆ ಮಾದರಿ ಟಾಸಿಲಿಜುಮ್ಯಾಬ್ ಎಂಬ ಔಷಧ. ಅದು ಇಂಟರ್‌ಲ್ಯೂಕಿನ್-6ನ್ನು ಹಿಡಿಯುವುದಿಲ್ಲ, ಅದರ ಗ್ರಾಹಕದ ಮೇಲೆ ಕೂರುತ್ತದೆ. ಜ್ವರ ಏರಿಸುವುದರಲ್ಲೂ ಯಕೃತ್ತಿನಿಂದ ಸಿ-ರಿಯಾಕ್ಟಿವ್ ಪ್ರೋಟೀನ್ (ಸೋಂಕಿನ ಸುಳಿವಿಗೆ ರಕ್ತದಲ್ಲಿ ಅಳೆಯುವಂಥದು) ಹೊರಡಿಸುವುದರಲ್ಲೂ ಆ ಸನ್ನೆಯ ಕೈವಾಡವಿದೆ. ಆದ್ದರಿಂದ ‘ಜ್ವರವಿಲ್ಲದೆಯೂ, ರಕ್ತಪರೀಕ್ಷೆ ಸರಿಯಿದ್ದರೂ ಸೋಂಕು ಇರಬಹುದು’ ಎಂಬ ಸಾಲು ಪತ್ರದಲ್ಲಿ ಇರಲೇಬೇಕು.

---

> ಬಿಡಿಸಿ ಬರೆಯಿರಿ

ಅಂದರೆ ಪರಭಾಷೆಗೆ ಶರಣು. ವೈರಾಣುವಿಗೆ ‘ಅಡ್ಡಿಪಡಿಸುವ’ ಪ್ರೋಟೀನಿಗೆ 1957ರಲ್ಲಿ ವಿಜ್ಞಾನಿಗಳಾದ ಐಸಾಕ್ಸ್, ಲಿಂಡೆನ್‌ಮನ್ ತಮ್ಮ ಬರಹದ ಭಾಷೆಯಾದ ಇಂಗ್ಲಿಷಿನ ಕ್ರಿಯಾಪದದಿಂದಲೇ ಇಂಟರ್‌ಫೆರಾನ್ ಎಂದು ಕಟ್ಟಿದರು. ನಾವು ‘ಅಡ್ಡಿಕ’ ಎಂದರೆ ನಗುತ್ತೀರಿ.

---

ನಗುವುದಿಲ್ಲ. ಆದರೆ ಸೀಸೆಯ ಮೇಲೆ ‘ಅಡ್ಡಿಕ’ ಎಂದಿರುವುದಿಲ್ಲ. ಔಷಧದ ಹೆಸರು ಪತ್ರದಲ್ಲಿ ಒಂದು, ಸೀಸೆಯಲ್ಲಿ ಇನ್ನೊಂದಾದರೆ ದಾದಿ ಏನನ್ನು ತಾಳೆ ನೋಡಬೇಕು? ಪಠ್ಯಪುಸ್ತಕಕ್ಕೆ ಬೇಕಾದರೆ ಕಟ್ಟಿಕೊಳ್ಳಿ.

---

ಸರಿ, ‘ರಕ್ಷಣಾ ಕೋಶಗಳ ನಡುವೆ ಸಂದೇಶ ಸಾಗಿಸುವ ಪ್ರೋಟೀನು (ಸೈಟೊಕೈನ್)’ ಎಂದು ಒಮ್ಮೆ ಹೇಳಿ, ಮುಂದೆ ಸೈಟೊಕೈನ್ ಎಂದೇ ಬಳಸುತ್ತೇನೆ.

---

‘ರಕ್ಷಣಾ ಕೋಶಗಳ ನಡುವೆ’ ತಪ್ಪು, ಯಕೃತ್ತೂ ಕೇಳಿಸಿಕೊಳ್ಳುತ್ತದೆ ಎಂದು ಮೇಲೆಯೇ ಬಂದಿದೆ. ‘ಕೋಶಗಳ ನಡುವೆ’ ಸಾಕು. ಮತ್ತೆ, ಹಾರ್ಮೋನು ಎನ್ನುವ ಹಾಗೆ ‘ಸೈಟೊಕೈನು’ ಎಂದು ಸ್ವರಾಂತ ಮಾಡಿ, ವಿಭಕ್ತಿ ಹತ್ತಿಸುವಾಗ ತೊಡಕಾಗದು.